ಕಬ್ಬಿಣ ತಾಗಬಾರದು

ಮಾರ್ಚ್ ೪

ಅಪ್ಪ,

ಎಂಟು ತಿಂಗಳಾದ ಮೇಲೆ ಬರೀತಿದ್ದೀನಿ. ಕ್ಷೇಮ ಸಮಾಚಾರ ಕೇಳೋಕಲ್ಲ. ದೇವಸ್ಥಾನದ ಟಿಕೆಟ್ ಕೌಂಟರಿಗೆ ಫೋನ್ ಮಾಡಿ ನಿಮ್ಮನ್ನ ಕರೆಸಬಹುದಿತ್ತು. ಆದ್ರೆ ನೀವು ಮಾತು ಶುರು ಮಾಡಿದ್ರೆ ನಾನು ಕೇಳ್ತಾ ಕೂತುಬಿಡ್ತೀನಿ, ಕೇಳಬೇಕಾಗಿದ್ದು ಮರೆತೇ ಹೋಗುತ್ತೆ. ಅದಕ್ಕೇ ಕಾಗದ. ಉತ್ತರಾನೂ ಕಾಗದದಲ್ಲೇ ಬರಲಿ.

ಮಂಗಳವಾರ ಮಧ್ಯಾಹ್ನ ನಮ್ಮ ಮಕ್ಕಳ ವಾರ್ಡಿಗೆ ಆರು ವರ್ಷದ ಒಬ್ಬ ಹುಡುಗನ್ನ ತಂದ್ರು. ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ದೊಡ್ಡವರಿಗೆ ಬರೋ ಥರದ್ದಲ್ಲ ಇದು. ಈ ಮಕ್ಕಳಿಗೆ ದಿನಾ ಇನ್ಸುಲಿನ್ ಚುಚ್ಚಲೇಬೇಕು, ಎರಡು ದಿನ ತಪ್ಪಿದ್ರೂ ಪ್ರಾಣಕ್ಕೆ ಬರುತ್ತೆ. ಇವನಿಗೆ ಆರು ದಿನದಿಂದ ಚುಚ್ಚಿರಲಿಲ್ಲ. ಉಸಿರು ಎಳೆದು ಎಳೆದು ಬಿಡ್ತಿದ್ದ, ನರ ಸಿಗ್ತಿರಲಿಲ್ಲ. ಎರಡು ಗಂಟೆ ನಮ್ಮ ಕೈಲಿದ್ದ. ನಾಲ್ಕೂ ಹತ್ತಕ್ಕೆ ಹೋದ. ಮುಖದ ಮೇಲೆ ಬಟ್ಟೆ ಎಳೆದವಳು ನಾನು.

ತಾಯಿ ಹೊಲಿಗೆ ಕೆಲಸದವಳು. ನಿಮ್ಮ ಊರಿನವಳೇ, ದೇವಸ್ಥಾನದ ಹಿಂದಿನ ಬೀದಿ. ಯಾಕಮ್ಮಾ ಇಂಜೆಕ್ಷನ್ ನಿಲ್ಲಿಸಿದೆ ಅಂತ ಡಾಕ್ಟರು ಕೇಳಿದ್ರು. "ದೇವಸ್ಥಾನದ ಕಥೆಯಲ್ಲಿ ಇದೆಯಲ್ಲ ಸಾರ್. ಲಿಂಗದ ಮೇಲೆ ಬೀಳೋ ಹನಿ ನೀರು ಇಪ್ಪತ್ತೊಂದು ದಿನ ಕುಡಿಸಬೇಕು. ಅಷ್ಟು ದಿನ ಮೈಗೆ ಕಬ್ಬಿಣ ತಾಗಬಾರದು. ಸೂಜಿ ಕಬ್ಬಿಣ ಅಲ್ವಾ?" ಅಂದ್ಲು. ಯಾರು ಹೇಳಿದ್ದು ಅಂದ್ರೆ, "ಗೈಡ್ ಅಜ್ಜ. ಕಥೆಯಜ್ಜ."

ಆ ಊರಲ್ಲಿ ಕಥೆಯಜ್ಜ ಅನ್ನಿಸಿಕೊಂಡವರು ಒಬ್ಬರೇ.

ಆ ಕಥೆ ನೀವು ಹೇಳಿದ್ರಾ? ಕಬ್ಬಿಣದ ಮಾತು ಅದರಲ್ಲಿ ಇದೆಯಾ? ಇದ್ರೆ ಎಲ್ಲಿಂದ ಬಂತು? ಇಷ್ಟಕ್ಕೆ ಉತ್ತರ ಸಾಕು.

ನಿಮ್ಮ ಮಗಳು


ಮಾರ್ಚ್ ೧೨

ಮಗಳೇ,

ಆಸ್ಪತ್ರೆ ಮುದ್ರೆಯ ಲಕೋಟೆ ನೋಡಿ ಟಿಕೆಟ್ ಕೌಂಟರಿನವನು ಓಡಿ ಬಂದ. "ಅಜ್ಜ, ಮಗಳು ಬರೆದಿದ್ದಾಳೆ. ಇವತ್ತು ಮಳೆ ಗ್ಯಾರಂಟಿ" ಅಂದ. ನಾನೂ ನಕ್ಕೆ. ಬಸವನ ಮಂಟಪದ ಮೆಟ್ಟಿಲ ಮೇಲೆ ಕೂತು ಒಡೆದು ಓದಿದೆ. ಆಮೇಲೆ ಗಂಟಲು ಕಟ್ಟಿದೆ ಅಂತ ಹೇಳಿ ಮೂರು ಗುಂಪು ವಾಪಸ್ ಕಳಿಸಿದೆ.

ಅಯ್ಯೋ, ಆ ಮಗು. ಆರು ವರ್ಷ ಅಂದ್ರೆ ಹಾಲುಹಲ್ಲು ಬೀಳೋ ವಯಸ್ಸು. ಹೊಲಿಗೆಯವಳು ನನಗೆ ಗೊತ್ತಿರೋಳೇ. ನನ್ನ ಎರಡು ಅಂಗಿಗೆ ಕಾಲರ್ ತಿರುಗಿಸಿ ಹೊಲಿದುಕೊಟ್ಟಿದ್ದಾಳೆ. ಗಂಡ ಲಾರಿ ಓಡಿಸ್ತಾನೆ, ತಿಂಗಳಿಗೊಮ್ಮೆ ಮುಖ ತೋರಿಸ್ತಾನೆ. ಆ ಹುಡುಗ ಬಾಗಿಲಲ್ಲಿ ಕೂತು ಬಟ್ಟೆ ಚೂರುಗಳನ್ನ ಬಣ್ಣದ ಪ್ರಕಾರ ಜೋಡಿಸ್ತಿದ್ದ. ಅವನೇ ಅಂತ ನೀನು ಬರೆದ ಮೇಲೆ ಗೊತ್ತಾಯ್ತು.

ಆದ್ರೆ ತಾಯಿ, ನನ್ನ ಕೆಲಸ ಏನು ಅಂತ ನಿನಗೆ ಹೊಸದಾಗಿ ಹೇಳಬೇಕಾ? ಮೂವತ್ತೆಂಟು ವರ್ಷದಿಂದ ಹೇಳಿದ್ದೇ ಹೇಳ್ತಿದ್ದೀನಿ. ಈ ಗುಡಿ ಕಟ್ಟಿದವರು ನಾಲ್ಕು ಜನ ಅಣ್ಣತಮ್ಮಂದಿರು ಅಂತೀನಿ. ಕೊನೆಯವನು ಕೆತ್ತಿದ ಬಸವ ಎದ್ದು ನಡೆದೇಬಿಡ್ತು, ದೊಡ್ಡಣ್ಣ ಓಡಿ ಹೋಗಿ ಕೊಂಬು ಮುರಿದು ಕೂರಿಸಿದ ಅಂತೀನಿ. ಲಿಂಗ ವರ್ಷಕ್ಕೆ ಒಂದು ಎಳ್ಳಿನಷ್ಟು ಬೆಳೆಯುತ್ತೆ ಅಂತೀನಿ. ಮೂವತ್ತೆಂಟು ವರ್ಷದಲ್ಲಿ ಬೆಳೆದಿದ್ದು ನನ್ನ ಹೊಟ್ಟೆ ಮಾತ್ರ, ಅದು ಬೇರೆ ವಿಷಯ. ಮೇಲಿನ ಕಲ್ಲಿನ ಸಂದಿಯಿಂದ ಬೇಸಿಗೆಯಲ್ಲೂ ನಿಲ್ಲದೆ ಬೀಳೋ ಹನಿ ಇದೆಯಲ್ಲ, ಅದು ಶಿವನ ಜಡೆಯಿಂದ ಸೋರೋ ಗಂಗೆ ಅಂತೀನಿ. ಕೇಳಿದವರು ಕೈ ಮುಗೀತಾರೆ, ಫೋಟೋ ತೆಗೀತಾರೆ, ಬಸ್ಸಿಗೆ ಹೊತ್ತಾಯ್ತು ಅಂತ ಓಡ್ತಾರೆ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು ಸಾವಿರಕ್ಕೊಬ್ಬರು ಇರ್ತಾರೆ. ಅವರಿಗೋಸ್ಕರ ಬಾಯಿಗೆ ಬೀಗ ಹಾಕ್ಕೊಂಡು ಕೂರೋಕಾಗುತ್ತಾ?

ನೀನು ಕೇಳಿದ ಕಥೆ ಹೌದು, ನಾನು ಹೇಳ್ತೀನಿ. ಒಬ್ಬಳು ನೇಕಾರರ ಹೆಂಗಸು. ನಾಲ್ಕು ವರ್ಷದ ಮಗುವಿಗೆ ಜ್ವರ, ಮೈಯೆಲ್ಲ ಕೆಂಡ. ಕೇಳಿದಲ್ಲೆಲ್ಲ ಬಾಗಿಲು ಹಾಕಿಕೊಂಡ್ರು. ಕೊನೆಗೆ ಗುಡಿಗೆ ತಂದು ಹನಿ ಬೀಳೋ ಕಲ್ಲಿನ ಪಕ್ಕ ಮಲಗಿಸಿ, "ಇವನು ನಿನ್ನವನು. ಇಟ್ಕೋ, ಇಲ್ಲ ಕೊಡು" ಅಂದ್ಲು. ಆಮೇಲೆ ರಾಜವೈದ್ಯ ಕಬ್ಬಿಣದ ಸಲಾಕೆ ಹಿಡಿದು ಬಂದ. "ಈ ಗುಡಿ ಬಾಗಿಲಿಗೇ ಕಬ್ಬಿಣ ತಾಗಿಲ್ಲ, ನನ್ನ ಮಗುವಿಗೂ ತಾಗಬಾರದು" ಅಂತ ಅವನನ್ನ ವಾಪಸ್ ಕಳಿಸಿದ್ಲು. ಇಪ್ಪತ್ತೊಂದು ದಿನ ಹನಿ ಹನಿಯಾಗಿ ಆ ನೀರು ಕುಡಿಸಿದ್ಲು. ಕೊನೇ ದಿನ ಮಗು ಎದ್ದು ಕೂತು, ಅಮ್ಮಾ ಹಸಿವು ಅಂತು. ಇಷ್ಟೇ ಕಥೆ.

ಇದು ನನ್ನ ಕಾಲದ್ದಲ್ಲ. ಹಿಂದಿನವರು ಹೇಳಿದ್ದು. ನಾನು ಬರೀ ಬಾಯಿ, ಕಥೆ ಆ ಕಲ್ಲಿನದು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ರಜೆ ಸಿಕ್ಕಿದ್ರೆ ಬಂದು ಹೋಗು. ನಿಮ್ಮಮ್ಮನ ಮಂಚ ಹಾಗೇ ಇದೆ.

ಪ್ರೀತಿಯ,
ಅಪ್ಪ


ಮಾರ್ಚ್ ೧೯

ಅಪ್ಪ,

ದೇವಸ್ಥಾನದ ಕಚೇರಿಯವರು ಹಿಂದೆ ಅಚ್ಚು ಹಾಕಿಸಿದ್ದ ಸಣ್ಣ ಪುಸ್ತಕ ನನ್ನ ಹತ್ತಿರ ಇದೆ. ನಾನು ಹುಟ್ಟೋಕೆ ಮುಂಚಿನದು, ಅಮ್ಮ ಕಾದಿಟ್ಟಿದ್ದು. ನಿನ್ನೆ ತೆಗೆದು ಕೂತೆ. ನಾಲ್ಕು ಅಣ್ಣತಮ್ಮಂದಿರು ಇದ್ದಾರೆ. ಬಸವನ ಕೊಂಬಿದೆ. ಎಳ್ಳಿದೆ. ಹನಿ ಇದೆ. ನೇಕಾರರ ಹೆಂಗಸಿಲ್ಲ. ಮಗು ಇಲ್ಲ. ಕಬ್ಬಿಣ ಇಲ್ಲ.

ಹಿಂದಿನವರು ಅಂದ್ರಲ್ಲ, ಯಾವ ಹಿಂದಿನವರು? ಹೆಸರು ಬೇಡ, ಯಾರ ಮಗ, ಯಾವ ಮನೆ ಅಂತ ಹೇಳಿ ಸಾಕು.

ಆ ಹೆಂಗಸು ಶುಕ್ರವಾರ ಬಂದಿದ್ಲು. ಮಿಕ್ಕಿದ್ದ ಇನ್ಸುಲಿನ್ ಬಾಟಲಿಗಳನ್ನ ವಾಪಸ್ ಕೊಡೋಕೆ. "ಬೇರೆ ಯಾವುದಾದ್ರೂ ಮಗುವಿಗೆ ಆಗಬಹುದು ಸಿಸ್ಟರ್" ಅಂದ್ಲು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ಲು, ಬಿಸಿಲಿಗೆ ಕೆಡಬಾರದು ಅಂತ. ಅಷ್ಟು ಜಾಗ್ರತೆ. ಆ ಆರು ದಿನ ಮನೆಯಲ್ಲಿ ಕಬ್ಬಿಣ ಇರಬಾರದು ಅಂತ ಹೊಲಿಗೆ ಮೆಷಿನ್ನು, ಕತ್ತರಿ, ಸೂಜಿ ಡಬ್ಬ ಎಲ್ಲ ಪಕ್ಕದ ಮನೆಗೆ ಸಾಗಿಸಿದ್ದಳಂತೆ. ಒಲೆ ಮೇಲಿನ ಕಾವಲಿನೂ ಬಿಟ್ಟಿಲ್ಲ. ನೀವು ಹೇಳಿದ್ದನ್ನ ಅವಳು ಒಂದಕ್ಷರ ಬಿಡದೆ ಮಾಡಿದ್ದಾಳೆ ಅಪ್ಪ.

ಹೋಗೋವಾಗ ಬಾಗಿಲ ಹತ್ತಿರ ನಿಂತು ಕೇಳಿದ್ಲು: "ಸಿಸ್ಟರ್, ಇಂಜೆಕ್ಷನ್ ಸೂಜಿ ಸ್ಟೀಲಂತೆ. ಸ್ಟೀಲು ಕಬ್ಬಿಣ ಅಲ್ವಂತೆ. ಹಾಗಾದ್ರೆ ಕೊಡಬಹುದಿತ್ತಾ?"

ಅವಳಿಗೆ ಇನ್ನೊಂದು ಮಗು ಇದೆ. ಹೆಣ್ಣು, ಮೂರೂವರೆ ವರ್ಷ. ಈ ಕಾಯಿಲೆ ಒಡಹುಟ್ಟಿದವರಿಗೂ ಬರಬಹುದು, ಒಂದು ರಕ್ತ ಪರೀಕ್ಷೆ ಮಾಡಿಸಮ್ಮ ಅಂತ ಡಾಕ್ಟರು ಹೇಳಿದ್ರೆ, ಮಗುವನ್ನ ಎತ್ತಿಕೊಂಡು ಹೊರಟೇಬಿಟ್ಲು.

ಕಬ್ಬಿಣ ಯಾರು ಸೇರಿಸಿದ್ದು?

ನಿಮ್ಮ ಮಗಳು


ಏಪ್ರಿಲ್ ೫

ಮಗಳೇ,

ಹದಿನೈದು ದಿನ ತಡ ಮಾಡಿದೆ. ಬರೆದೆ, ಹರಿದೆ. ನಾನು ಮಾತಿನವನು, ಬರಹದಲ್ಲಿ ಸುಳ್ಳು ಹೇಳೋಕೆ ಬರಲ್ಲ ಅಂತ ನಿನಗೆ ಗೊತ್ತು, ಅದಕ್ಕೇ ಕಾಗದ ಹಿಡಿದಿದ್ದೀಯ. ಕಿಲಾಡಿ ನೀನು.

ಕಬ್ಬಿಣ ನಾನು ಸೇರಿಸಿದ್ದು.

ಒಂಬತ್ತು ಹತ್ತು ವರ್ಷದ ಹಿಂದಿನ ಮಾತು. ಕಾಲೇಜು ಹುಡುಗರ ದೊಡ್ಡ ಗುಂಪು, ಮಟಮಟ ಮಧ್ಯಾಹ್ನ. ಒಬ್ಬನೂ ಕೇಳ್ತಿಲ್ಲ. ಒಬ್ಬ ಆಕಳಿಸ್ತಾನೆ, ಇನ್ನೊಬ್ಬ ಕಂಬಕ್ಕೆ ಒರಗಿ ಫೋನ್ ಒತ್ತುತ್ತಾನೆ. ಗರ್ಭಗುಡಿ ಬಾಗಿಲು ತೋರಿಸಿ, ನೋಡಿ ಮಕ್ಕಳೇ, ಒಂದೇ ಒಂದು ಮೊಳೆ ಇಲ್ಲ, ಎಲ್ಲ ಮರದ ಗೂಟ ಅಂದೆ. ಅದು ನಿಜ, ನೀನೇ ನೋಡಿದ್ದೀಯ. "ಯಾಕೆ ಮೊಳೆ ಹಾಕಿಲ್ಲ?" ಅಂತ ಒಬ್ಬಳು ಹುಡುಗಿ ಕೇಳಿದ್ಲು. ನನಗೇನು ಗೊತ್ತು? ಆಗಿನ ಬಡಗಿಗೆ ಗೊತ್ತು. ಆದ್ರೆ ಗೊತ್ತಿಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಯಾವತ್ತು ಬಂದಿದೆ? ಆ ಕ್ಷಣಕ್ಕೆ ವೈದ್ಯ ಬಂದ, ಕಬ್ಬಿಣದ ಸಲಾಕೆ ಬಂತು, ಆ ತಾಯಿ ಕೈ ಅಡ್ಡ ಹಿಡಿದ್ಲು. ಹುಡುಗರೆಲ್ಲ ಫೋನ್ ಜೇಬಿಗಿಟ್ಟು ನೋಡಿದ್ರು. ಗುಡಿಯೊಳಗೇ ಚಪ್ಪಾಳೆ ಬಿತ್ತು ಕಣೇ. ಆವತ್ತಿಂದ ಬಿಡಲಿಲ್ಲ.

ಕಬ್ಬಿಣ ಅಂದಾಗ ನನ್ನ ಕಣ್ಣ ಮುಂದೆ ಇದ್ದಿದ್ದು ಆ ಬಾಗಿಲು ಮಾತ್ರ. ಸೂಜಿ ನನ್ನ ತಲೆಗೇ ಬರಲಿಲ್ಲ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ, ಅದನ್ನೂ ನಾನೇ ಜನಕ್ಕೆ ಹೇಳ್ತಿರ್ತೀನಿ.

ಇನ್ನು ಮೇಲೆ ಕಥೆಯಲ್ಲಿ ಕಬ್ಬಿಣ ಬರಲ್ಲ. ವೈದ್ಯನೂ ಬರಲ್ಲ. ತಾಯಿ, ಮಗು, ಹನಿ, ಅಷ್ಟೇ ಹೇಳ್ತೀನಿ. ನಿನ್ನ ಮೇಲಾಣೆ.

ಅಪ್ಪ


ಏಪ್ರಿಲ್ ೧೧

ಅಪ್ಪ,

ಊರೆಲ್ಲ ಸೂರೆ ಆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಕಬ್ಬಿಣ ತೆಗೆದು ಕಥೆ ಇಟ್ಕೋತೀರಾ? ನನ್ನ ಮೇಲೆ ಆಣೆ ಬೇರೆ. ನನ್ನ ಮೇಲೆ ನೀವು ಹಾಕಿದ್ದು ಸಾಕು.

ಆ ಕಥೆ ಯಾವಾಗ ಶುರುವಾಯ್ತು ಅಂತ ನನಗೆ ಗೊತ್ತು. ನಾನು ಐದನೇ ಕ್ಲಾಸಲ್ಲಿದ್ದಾಗ. ತಮ್ಮ ಹೋದ ಮರುವರ್ಷ.

ಮೂವತ್ತೊಂದು ವರ್ಷದಿಂದ ಇಬ್ಬರೂ ಆಡದೆ ಇರೋ ಮಾತು ಇದು. ನಾನೇ ಆಡ್ತೀನಿ. ಅಮ್ಮ ಬೆಳಗಿನ ಪಾಳಿಗೆ ಫ್ಯಾಕ್ಟರಿಗೆ ಹೋಗಿದ್ಲು. ನನಗೆ ರಜೆ. ತಮ್ಮನಿಗೆ ಜ್ವರ. ಕಲ್ಲು ತಂಪಾಗಿರುತ್ತೆ ಅಂತ ಹೇಳಿ ಇಬ್ಬರನ್ನೂ ಗುಡಿಗೆ ಕರ್ಕೊಂಡು ಹೋದ್ರಿ. ಬಸವನ ಮಂಟಪದ ನೆರಳಲ್ಲಿ ಟವೆಲ್ ಹಾಸಿ ಮಲಗಿಸಿ, "ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ಕೋ" ಅಂದ್ರಿ. ನಾನು ನೋಡ್ಕೊಂಡೆ. ಮೈ ಸುಡ್ತಿದೆ ಅಂತ ಹೇಳೋಕೆ ಬಂದೆ. ನೀವು ಗುಂಪಿನ ಮಧ್ಯೆ ನಿಂತು ನಾಲ್ಕು ಅಣ್ಣತಮ್ಮಂದಿರ ಕಥೆ ಹೇಳ್ತಿದ್ರಿ. ಕೈ ಎತ್ತಿ ತಾಳು ಅಂತ ಸನ್ನೆ ಮಾಡಿದ್ರಿ. ವಾಪಸ್ ಹೋದೆ. ಅವನ ಕಣ್ಣು ಮೇಲೆ ಹೋಗ್ತಿದೆ ಅಂತ ಹೇಳೋಕೆ ಮತ್ತೆ ಬಂದೆ. ಮತ್ತೆ ಕೈ ಎತ್ತಿದ್ರಿ. ಮೂರನೇ ಸಲ ನಾನು ಬರಲಿಲ್ಲ. ಅವನು ಸುಮ್ಮನಾಗಿದ್ದ, ನಿದ್ದೆ ಹತ್ತಿತು ಅಂದುಕೊಂಡೆ.

ಆಮೇಲೆ ಆಸ್ಪತ್ರೆ ಮೆಟ್ಟಿಲ ಮೇಲೆ ಅಮ್ಮನಿಗೆ ಏನು ಹೇಳಿದ್ರಿ? "ಇವಳು ನಿದ್ದೆ ಹೋಗಿಬಿಟ್ಟಿದ್ಲು." ನಾನು ಪಕ್ಕದಲ್ಲೇ ನಿಂತಿದ್ದೆ.

ಅಮ್ಮ ನನ್ನನ್ನ ಒಂದು ದಿನಾನೂ ಬೈಲಿಲ್ಲ. ಚಿಕ್ಕಮ್ಮನ ಕೂಸು ಮನೆಗೆ ಬಂದಾಗ ನಾನು ಎತ್ತಿಕೊಂಡ್ರೆ, ಏನೂ ಮಾತಾಡದೆ ಬಂದು ನನ್ನ ತೋಳಿಂದ ತಗೊಂಡು ಹೋಗ್ತಿದ್ಲು. ಸಾಯೋವರೆಗೂ ಹಾಗೇ. ನಾನು ಇಪ್ಪತ್ತು ವರ್ಷದಿಂದ ಊರವರ ಮಕ್ಕಳನ್ನ ಕಣ್ಣು ಮುಚ್ಚದೆ ಕಾಯ್ತಿದ್ದೀನಿ ಅಪ್ಪ.

ನಿಮ್ಮ ಕಥೆಯಲ್ಲಿ ಮಗು ಎದ್ದು ಕೂರುತ್ತೆ. ಒಳ್ಳೇದೇ. ನಿಮಗೆ ಅದು ಬೇಕಿತ್ತು. ಆದ್ರೆ ಅದೇ ಕಥೆ ನಂಬಿ ಇನ್ನೊಬ್ಬಳ ಮಗು ಎದ್ದು ಕೂರಲಿಲ್ಲ.

ಆ ಹೆಂಗಸಿನ ಮನೆಗೆ ಹೋಗಿ. ಇದೆಲ್ಲ ನಾನು ಕಟ್ಟಿದ್ದು, ಸುಳ್ಳು ಅಂತ ಹೇಳಿ. ಆ ಹೆಣ್ಣು ಮಗುವಿನ ಪರೀಕ್ಷೆ ಆಗಬೇಕು. ಅದು ಮಾಡೋವರೆಗೂ ನನಗೆ ಬರೀಬೇಡಿ.


ಏಪ್ರಿಲ್ ೨೯

ಮಗಳೇ,

ಹೋಗಿದ್ದೆ.

ಒಂದೇ ಕೋಣೆ ಮನೆ. ಅರ್ಧಕ್ಕೆ ಪರದೆ ಕಟ್ಟಿ ಆ ಕಡೆ ಒಲೆ, ಈ ಕಡೆ ಮೆಷಿನ್ನು. ಮೆಷಿನ್ನು ಪಕ್ಕದ ಮನೆಯಿಂದ ವಾಪಸ್ ಬಂದಿದೆ, ಆದ್ರೆ ಮೇಲೆ ಹಾಸಿದ ಬಟ್ಟೆ ತೆಗೆದಿಲ್ಲ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಆರು ಗೀಟು. ಆರು ದಿನದ ಲೆಕ್ಕ. ಅದನ್ನ ಒರೆಸಿಲ್ಲ. ನನಗೆ ಕುರ್ಚಿ ಹಾಕಿ, ತಾನು ನೆಲದ ಮೇಲೆ ಕೂತ್ಲು. "ಅಜ್ಜ, ನೀವು ಬಂದಿದ್ದು ಒಳ್ಳೇದಾಯ್ತು. ನಾನು ಎಲ್ಲಿ ತಪ್ಪಿದೆ ಅಂತ ಕೇಳಬೇಕಿತ್ತು" ಅಂದ್ಲು.

ಹೇಳಿದೆ. ಕಥೆ ನಾನು ಕಟ್ಟಿದ್ದು, ಕಬ್ಬಿಣ ನಾನು ಹಾಕಿದ್ದು, ಆ ಹನಿ ಬರೀ ಮಳೆ ನೀರು, ಕಲ್ಲೊಳಗೆ ಇಂಗಿದ್ದು ಸೋರುತ್ತೆ ಅಂತ ಹೇಳಿದೆ. ಕಣ್ಣು ಮಿಟುಕಿಸದೆ ಕೇಳಿದ್ಲು. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ ಬಂದು ನನ್ನ ಕಾಲು ಹಿಡಿದುಕೊಂಡ್ಲು. "ಹಾಗೆ ಹೇಳಬೇಡಿ ಅಜ್ಜ. ಕಥೆ ನಿಜ ಆದ್ರೆ ಅವನು ಶಿವನ ಹತ್ತಿರ ಇದ್ದಾನೆ. ಏನೋ ಒಂದು ಕಬ್ಬಿಣ ನನಗೆ ಗೊತ್ತಾಗದೆ ತಾಗಿರುತ್ತೆ, ಅದಕ್ಕೇ ಇಟ್ಕೊಂಡ. ಕಥೆ ಸುಳ್ಳಾದ್ರೆ ಅವನನ್ನ ಕೊಂದವಳು ನಾನು. ನನ್ನ ಕೈಯಾರೆ. ಅಷ್ಟು ಮಾಡಬೇಡಿ" ಅಂದ್ಲು.

ಎದ್ದು ಬಂದೆ.

ಈಗ ಅವಳು ದಿನಾ ಗುಡಿಗೆ ಬರ್ತಾಳೆ. ಹನಿ ಬೀಳೋ ಕಡೆ ಕಂಬದ ಪಕ್ಕ ಕೂತು, ಬಂದ ಹೆಂಗಸರಿಗೆಲ್ಲ ಆ ಕಥೆ ಹೇಳ್ತಾಳೆ. ನನಗಿಂತ ಚೆನ್ನಾಗಿ ಹೇಳ್ತಾಳೆ. ಕೊನೆಗೆ ತನ್ನ ಮಗನ್ನೂ ಸೇರಿಸ್ತಾಳೆ. ಜನ ಅವಳ ಕಾಲಿಗೆ ಬೀಳ್ತಿದ್ದಾರೆ. ಮೊನ್ನೆ ತಡೆಯೋಕಾಗದೆ ನಾನು ಗುಂಪಿನ ಮಧ್ಯೆ ನಿಂತು, "ಕೇಳಬೇಡಿ, ಈ ಕಥೆ ನಾನು ಹುಟ್ಟಿಸಿದ್ದು, ಕಾಯಿಲೆ ಮಕ್ಕಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಅಂತ ಕೂಗಿದೆ. ಒಬ್ಬ ನಕ್ಕ. ಇನ್ನೊಬ್ಬ, ಅರವತ್ತಕ್ಕೆ ಅರಳುಮರುಳು, ಇವನಿಗೆ ಎಪ್ಪತ್ತಾಗಿದೆ ಅಂದ. ಅರ್ಚಕರು ಬಂದು ಭುಜ ಹಿಡಿದು ಹೊರಗೆ ಕರ್ಕೊಂಡು ಹೋದ್ರು. ಸಾಯಂಕಾಲ ಕಚೇರಿಯವರು ನನ್ನ ಗೈಡ್ ಬಿಲ್ಲೆ ಬಿಚ್ಚಿಸಿಕೊಂಡ್ರು. ಗೇಟಿನೊಳಗೆ ಬರಬೇಡಿ ಅಂದ್ರು. ಸುಳ್ಳು ಹೇಳ್ತಿದ್ದಾಗ ಮೂವತ್ತೆಂಟು ವರ್ಷ ಬಿಲ್ಲೆ ಇತ್ತು, ನಿಜ ಹೇಳಿದ್ದಕ್ಕೆ ಒಂದೇ ದಿನದಲ್ಲಿ ಹೋಯ್ತು. ನಗು ಬಂದ್ರೆ ನಕ್ಕುಬಿಡು.

ತಮ್ಮನ ಬಗ್ಗೆ ನೀನು ಬರೆದಿದ್ದನ್ನ ಮರೆತೆ ಅಂದ್ಕೋಬೇಡ. ದಿನಾ ಓದ್ತೀನಿ. ಬರೆಯೋಕೆ ಕೈ ಬರ್ತಿಲ್ಲ.

ಒಂದು ಮಾತು ಕೇಳಬೇಕು. ನಾನು ಅಲ್ಲಿ ಕೂತಿದ್ದ ಅರ್ಧ ಗಂಟೆಯಲ್ಲಿ ಆ ಹೆಣ್ಣು ಮಗು ನಾಲ್ಕು ಲೋಟ ನೀರು ಕುಡೀತು. ಕೂತ ಚಾಪೆ ಮೇಲೇ ಎರಡು ಸಲ ಒದ್ದೆ ಮಾಡಿಕೊಂಡಿತು. ಬಿಸಿಲಿಗೆ ಹಾಗಾಗುತ್ತಾ? ಅವಳನ್ನ ಕೇಳಿದ್ರೆ ಮುಖ ತಿರುಗಿಸಿಕೊಂಡ್ಲು.

ಅಪ್ಪ


ಮೇ ೪

ಅಪ್ಪ,

ಬಿಸಿಲಿಗಲ್ಲ. ಅದು ಹೀಗೇ ಶುರುವಾಗೋದು. ಅವಳಿಗೂ ಗೊತ್ತು, ಮಗನಿಗೂ ಹೀಗೇ ಶುರುವಾಗಿತ್ತು ಅಂತ ನಮ್ಮ ಹಳೇ ಚೀಟಿಯಲ್ಲಿ ಬರೆದಿದೆ. ಅದಕ್ಕೇ ಮುಖ ತಿರುಗಿಸಿದ್ದಾಳೆ.

ನಿನ್ನೆ ನಾನೇ ಬಂದಿದ್ದೆ. ಹೌದು, ನಿಮ್ಮ ಊರಿಗೆ ಬಂದು ನಿಮ್ಮ ಮನೆಗೆ ಬರಲಿಲ್ಲ. ನನ್ನ ಮುಖ ನೋಡಿದ ಕೂಡಲೇ, "ನನ್ನ ಮಗನ ಮುಖ ಮುಚ್ಚಿದವಳು ನೀನು" ಅಂತ ಬಾಗಿಲು ಹಾಕಿಕೊಂಡ್ಲು. ಒಂದು ಗಂಟೆ ಬಡಿದೆ. ಆರೋಗ್ಯ ಕಾರ್ಯಕರ್ತೆಗೂ ತೆಗೆಯಲಿಲ್ಲ. ಮೇಲಿನವರಿಗೆ ಬರೆದಿದ್ದೀವಿ, ಅವರು ಬರೋ ಹೊತ್ತಿಗೆ ವಾರ ಆಗುತ್ತೆ. ಆ ಮಗುವಿಗೆ ಅಷ್ಟು ದಿನ ಇದೆಯೋ ಇಲ್ಲವೋ ಗೊತ್ತಿಲ್ಲ. ಕಿಟಕಿ ಸಂದಿಯಲ್ಲಿ ನೋಡಿದೆ. ತೋಳು ಕಡ್ಡಿ ಆಗಿದೆ. ಗೋಡೆ ಮೇಲೆ ಹೊಸದಾಗಿ ಎರಡು ಗೀಟು ಎಳೆದಿದ್ದಾಳೆ.

ಈ ಮಗುವನ್ನ ಆಸ್ಪತ್ರೆಗೆ ತಂದು ಉಳಿಸಿದ್ರೆ ಮಗನನ್ನೂ ಉಳಿಸಬಹುದಿತ್ತು ಅಂತ ಆಗುತ್ತಲ್ಲ. ಅದನ್ನ ಒಪ್ಪಿಕೊಳ್ಳೋಕಿಂತ ಇವಳನ್ನೂ ಕಳ್ಕೋತಾಳೆ ಅವಳು.

ನಾನು ನಿಮಗೆ ನಿಜ ಹೇಳಿ ಅಂದೆ. ಅದು ಕೆಲಸಕ್ಕೆ ಬರಲಿಲ್ಲ. ಈಗ ಏನಾದ್ರೂ ಹೇಳಿ. ಸುಳ್ಳು ಹೇಳಿ. ಕನಸಲ್ಲಿ ಶಿವ ಬಂದಿದ್ದ ಅನ್ನಿ, ಆಸ್ಪತ್ರೆಗೆ ಹೋಗು ಅಂದ ಅನ್ನಿ, ಸೂಜಿಗೆ ಅಪ್ಪಣೆ ಕೊಟ್ಟ ಅನ್ನಿ. ಕಥೆ ಕಟ್ಟೋದು ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ? ಅವಳು ಬಾಗಿಲು ತೆಗೆಯೋದು ನಿಮಗೊಬ್ಬರಿಗೇ.

ಈ ಚೀಟಿಯನ್ನ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ತಿದ್ದೀನಿ. ಓದಿದ ತಕ್ಷಣ ಹೊರಡಿ ಅಪ್ಪ. ದಮ್ಮಯ್ಯ.

ನಿಮ್ಮ ಮಗಳು


ಮೇ ೫

ಮಗಳೇ,

ಓದಬೇಡ. ಈ ಕಾಗದ ತಂದವಳ ತೋಳಲ್ಲಿರೋ ಮಗುವನ್ನ ಮೊದಲು ನೋಡು.

ನೋಡಿ ಆಯ್ತಾ? ಸೂಜಿ ಹಾಕಿ ಆಯ್ತಾ? ಹಾಗಾದ್ರೆ ಈಗ ಕೂತು ಓದು.

ನೀನು ಹೇಳಿದ ಹಾಗೇ ಸುಳ್ಳು ಸಿದ್ಧ ಮಾಡ್ಕೊಂಡೇ ಹೋಗಿದ್ದೆ. ದಾರಿಯುದ್ದಕ್ಕೂ ಕಟ್ಟಿದೆ. ಒಳ್ಳೇ ಕಥೆ ಕಣೇ, ಕನಸಿತ್ತು, ಬೆಳಕಿತ್ತು, ನಿನ್ನ ವಾರ್ಡಿನ ಮಂಚದ ನಂಬರ್ ಕೂಡ ಶಿವನ ಬಾಯಲ್ಲಿ ಬರ್ತಿತ್ತು. ಅವಳು ಬಾಗಿಲು ತೆಗೆದ್ಲು. ಮಗು ಚಾಪೆ ಮೇಲೆ ಮಲಗಿತ್ತು. ಪಕ್ಕದಲ್ಲಿ ಕೂತೆ. ಅದರ ಉಸಿರು ಹಣ್ಣು ಕೊಳೆತ ಹಾಗೆ ವಾಸನೆ ಬರ್ತಿತ್ತು. ಬಾಯಿ ತೆಗೆದೆ. ಹುಟ್ಟಿದಾಗಿಂದ ನನಗೆ ಕೈ ಕೊಡದ ನಾಲಿಗೆ ಇವತ್ತು ಏಳಲಿಲ್ಲ.

ಕಥೆ ಬಿಟ್ಟು ಅವಳಿಗೆ ನನ್ನ ಮಗನ ವಿಷಯ ಹೇಳಿದೆ. ನಿನಗೆ ಹೇಳದೆ ಇದ್ದಿದ್ದನ್ನೂ ಹೇಳಿದೆ. ಅವಳಿಗೆ ಮೊದಲು ಹೇಳಿ ನಿನಗೆ ಆಮೇಲೆ ಬರೀತಿದ್ದೀನಿ, ಅದನ್ನೂ ಕ್ಷಮಿಸು. ಆವತ್ತು ಬೆಳಗ್ಗೆ ಮನೆ ಬಿಡೋಕೆ ಮುಂಚೆನೇ ನಾನು ಅವನ ಹಣೆ ಮುಟ್ಟಿ ನೋಡಿದ್ದೆ. ಅದು ಸಾಮಾನ್ಯ ಜ್ವರ ಅಲ್ಲ ಅಂತ ಗೊತ್ತಾಯ್ತು. ಡಾಕ್ಟರ ಮನೆ ದಾರಿಯಲ್ಲೇ ಇತ್ತು. ಆವತ್ತು ದೂರದಿಂದ ದೊಡ್ಡ ಗುಂಪು ಬರೋದಿತ್ತು, ಮುಗಿಸಿ ಹೋದ್ರಾಯ್ತು ಅಂದ್ಕೊಂಡೆ. ನೀನು ಮೊದಲ ಸಲ ಬಂದಾಗ ನಿನ್ನ ಮುಖ ನೋಡಿದೆ, ಗೊತ್ತಾಯ್ತು. ಎರಡನೇ ಸಲ ಬಂದಾಗ ಬಸವ ಎದ್ದು ನಡೆಯೋ ಜಾಗಕ್ಕೆ ಬಂದಿದ್ದೆ. ಜನ ಬಾಯಿ ಬಿಟ್ಟುಕೊಂ‍ಡು ಕೇಳ್ತಿದ್ರು. ಇದೊಂದು ಮುಗಿಸಿಬಿಡ್ತೀನಿ ಅಂತ ಕೈ ಎತ್ತಿದೆ. ಗೊತ್ತಿದ್ದೂ ಎತ್ತಿದೆ.

ನೀನು ನಿದ್ದೆ ಹೋಗಿರಲಿಲ್ಲ. ಒಂದು ರೆಪ್ಪೆ ಮುಚ್ಚಿರಲಿಲ್ಲ. ನಿಮ್ಮಮ್ಮನ ಕಣ್ಣು ನೋಡೋಕಾಗದೆ ಒಂಬತ್ತು ವರ್ಷದ ನಿನ್ನನ್ನ ಮುಂದೆ ತಳ್ಳಿ ನಾನು ಹಿಂದೆ ನಿಂತೆ. ಅವಳು ಸಾಯೋವರೆಗೂ ನಾನು ಬಾಯಿ ಬಿಡಲಿಲ್ಲ. ನಿನ್ನ ತೋಳಿಂದ ಕೂಸನ್ನ ತಗೊಂಡು ಹೋಗ್ತಿದ್ದಾಗ ನಾನು ಅಲ್ಲೇ ಕೂತು ನೋಡ್ತಿದ್ದೆ. ಇದಕ್ಕೆ ಕ್ಷಮೆ ಕೇಳೋಕೆ ನನಗೆ ಮುಖ ಇಲ್ಲ, ನೀನು ಕೊಡಲೂ ಬೇಡ.

ಹೊಲಿಗೆಯವಳಿಗೆ ಹೇಳಿದೆ: "ತಾಯಿ, ನೀನು ನಂಬಿ ಮಾಡಿದೆ. ನಾನು ಗೊತ್ತಿದ್ದೂ ಮಾಡಿದೆ. ನನ್ನ ಮಗನ್ನ ಕೊಂದು, ಅದನ್ನ ಮರೆಯೋಕೆ ಈ ಕಥೆ ಕಟ್ಟಿದೆ. ಆ ಕಥೆ ನಿನ್ನ ಮಗನ್ನ ಕೊಂದಿತು. ಅವನನ್ನ ಕೊಂದಿದ್ದು ನೀನಲ್ಲ. ಶಿವನೂ ಅಲ್ಲ. ನಾನು."

ಅವಳು ಎದ್ಲು. ಆಮೇಲೆ ಬಟ್ಟೆ ಅಳೆಯೋ ಕೋಲು ತಗೊಂಡು ನನ್ನನ್ನ ಹೊಡೆದ್ಲು. ಬೆನ್ನಿಗೆ, ಭುಜಕ್ಕೆ, ತಲೆಗೆ. ಕೋಲು ಮುರಿಯೋವರೆಗೂ ಹೊಡೆದ್ಲು. ಬಿಡಿಸೋಕೆ ಯಾರೂ ಬರಲಿಲ್ಲ, ನಾನೂ ಕೈ ಅಡ್ಡ ತರಲಿಲ್ಲ. ಹೊಡೆದು ಸುಸ್ತಾಗಿ ಗೋಡೆಗೆ ಒರಗಿ ಕೂತು, ಮಗ ಹೋದಾಗಿಂದ ಮೊದಲನೇ ಸಲ ಅತ್ತಳು ಅಂತ ಕಾಣುತ್ತೆ. ಅಂಥ ಅಳು ಅದು. ಅತ್ತು ಮುಗಿದ ಮೇಲೆ, "ಬಾಯಲ್ಲಿ ಹೇಳಿದ್ದು ಬೇಡ ಅಜ್ಜ. ನಿಮ್ಮ ಬಾಯಿ ನನಗೆ ಗೊತ್ತು. ಬರೆದುಕೊಡಿ" ಅಂದ್ಲು.

ಅಳತೆ ಬರೆಯೋ ಪುಸ್ತಕದಿಂದ ಒಂದು ಹಾಳೆ ಹರಿದುಕೊಟ್ಲು. ಬರೆದೆ: ಈ ತಾಯಿಯ ಆರು ವರ್ಷದ ಮಗನನ್ನು ಕೊಂದವನು ನಾನು, ನನ್ನ ಸುಳ್ಳು ಕಥೆಯಿಂದ ಅವನು ಸತ್ತ, ಇದರಲ್ಲಿ ಇವಳದು ಯಾವ ತಪ್ಪೂ ಇಲ್ಲ. ಕೆಳಗೆ ಸಹಿ, ಹೆಬ್ಬೆಟ್ಟು, ತಾರೀಖು. ಮೂರು ಸಲ ಓದಿದ್ಲು. ಮಡಚಿ ರವಿಕೆಯೊಳಗೆ ಇಟ್ಟುಕೊಂಡ್ಲು. ಆಮೇಲೆ ಎದ್ದು ಮಗುವಿನ ಮುಖ ತೊಳೆದು, ಬೇರೆ ಫ್ರಾಕ್ ಹಾಕಿ, ನಡೀರಿ ಬಸ್ಸಿಗೆ ಹೊತ್ತಾಗುತ್ತೆ ಅಂದ್ಲು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಿನಗೆ ಇದನ್ನ ಬರೀತಿದ್ದೀನಿ. ಮಗುವಿಗೆ ಎಚ್ಚರ ಇದೆ. ಕಿಟಕಿ ಪಕ್ಕ ಕೂರ್ತೀನಿ ಅಂತಿದೆ.

ನಾನು ಜೊತೆಗೆ ಬರ್ತಿಲ್ಲ. ಅವಳು ಬೇಡ ಅಂದ್ಲು, ನನ್ನ ಜೊತೆ ಒಂದೇ ಬಸ್ಸಲ್ಲಿ ಕೂರೋಕಾಗಲ್ಲ ಅಂದ್ಲು.

ಆ ಹಾಳೆ ಅವಳ ಹತ್ತಿರ ಇರುತ್ತೆ. ನೀನು ಕೇಳಬೇಡ, ಕಿತ್ತುಕೊಳ್ಳಬೇಡ. ಅವಳು ಇನ್ನು ಬದುಕೋದು ಅದನ್ನ ಹಿಡ್ಕೊಂಡೇ. ಬೀದಿಯವರಿಗೆ ತೋರಿಸ್ತಾಳೆ, ನಿಮ್ಮ ಡಾಕ್ಟರಿಗೆ ತೋರಿಸ್ತಾಳೆ. ಶನಿವಾರ ಗಂಡನ ಲಾರಿ ಬರುತ್ತೆ, ಅವನಿಗೂ ತೋರಿಸ್ತಾಳೆ. ನಾನು ಮನೆಯಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ. ಏನೇ ಸುದ್ದಿ ಬಂದ್ರೂ ನೀನು ಆ ಮಗುವನ್ನ ಬಿಟ್ಟು ಕದಲಬೇಡ. ಯಾರಾದ್ರೂ ಆ ಹಾಳೆಯನ್ನ ನಿನ್ನ ಮುಖದ ಮುಂದೆ ಹಿಡಿದು, ಇದು ನಿಮ್ಮಪ್ಪನ ಅಕ್ಷರಾನಾ ಅಂತ ಕೇಳಿದ್ರೆ, ಹೌದು ಅನ್ನು.

ಅಪ್ಪ